ಬಲ್ಬು ಹತ್ತಿದರೆ ಕೆಲಸ ಮುಗೀತೇ?

ಬಾಗಲಕೋಟೆಯ ನವನಗರದಲ್ಲಿ ಹೊಸ ಮನೆ ಕಟ್ಟಿದರೂ ಅಷ್ಟೆ, ಹುನಗುಂದದ ಹಳೆಯ ಓಣಿಯಲ್ಲಿ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸಿದರೂ ಅಷ್ಟೆ. ವಿದ್ಯುತ್ ವಿತರಣಾ ಕಂಪನಿ ಹೆಸ್ಕಾಂನ ಮೀಟರ್ ಕೂರಬೇಕಾದರೆ ಅರ್ಜಿಯ ಜೊತೆ ಒಂದು ಕಾಗದ ಹೋಗಬೇಕು. ವೈರಿಂಗ್ ಮುಗಿದಿದೆ, ಇನ್ಸುಲೇಷನ್ ಪರೀಕ್ಷೆ ಆಗಿದೆ, ಅರ್ಥಿಂಗ್ ಸರಿಯಿದೆ ಎಂದು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರ ಸಹಿ ಹಾಕಿ ಕೊಡುವ ವರದಿ ಅದು. ಮನೆಯವರು ಅದನ್ನು ಓದುವುದಿಲ್ಲ, ಓದಿದರೂ ಅರ್ಥವಾಗುವ ಭಾಷೆಯಲ್ಲಿ ಅದು ಇರುವುದಿಲ್ಲ. ಆದರೂ ಆ ಮನೆಯಲ್ಲಿ ಮುಂದಿನ ಮೂವತ್ತು ವರ್ಷ ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವ ಪ್ರತಿಯೊಬ್ಬರ ಜೀವ ಆ ಸಹಿಯ ಮೇಲೆ ನಿಂತಿರುತ್ತದೆ. ಸಹಿಯ ಬೆಲೆ ಪರವಾನಗಿಯಿಂದ ಬಂದದ್ದು. ಪರವಾನಗಿಯ ಬೆಲೆ ಎಂದೋ ಪಾಸಾದ ಒಂದು ಪರೀಕ್ಷೆಯಿಂದ, ಎಂದೋ ಪಡೆದ ಒಂದು ಐಟಿಐ ಪ್ರಮಾಣಪತ್ರದಿಂದ ಬಂದದ್ದು. ಆ ‘ಎಂದೋ’ 1994 ಆಗಿರಬಹುದು, 2004 ಆಗಿರಬಹುದು. ಅವಧಿ ಮುಗಿದಾಗ ನವೀಕರಣಕ್ಕೆ ಅರ್ಜಿ, ಶುಲ್ಕ, ದಾಖಲೆ ಬೇಕು. ಈ ನಡುವೆ ಹೊಸದಾಗಿ ಏನು ಕಲಿತೆ ಎಂಬ ಪ್ರಶ್ನೆ ಆ ಅರ್ಜಿಯಲ್ಲಿ ಇಲ್ಲ. ಇರಬೇಕು ಎಂಬುದು ನನ್ನ ವಾದ.

ಕಾನೂನು ಈ ವೃತ್ತಿಯನ್ನು ಹಗುರವಾಗಿ ತೆಗೆದುಕೊಂಡಿಲ್ಲ. ಅಂದಿನ ವಿಜಾಪುರ ಜಿಲ್ಲೆಯ ಭಾಗವಾಗಿದ್ದ ಈ ಪ್ರದೇಶ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದ 1956ರಲ್ಲೇ ಭಾರತೀಯ ವಿದ್ಯುತ್ ನಿಯಮಗಳೂ ಬಂದವು. ಅವುಗಳ 45ನೇ ನಿಯಮ ಹೇಳಿದ್ದು ಇಷ್ಟು: ಗ್ರಾಹಕನ ಜಾಗದಲ್ಲಿ ವೈರಿಂಗ್ ಕೆಲಸ ಮಾಡಬೇಕಾದವನು ಸರಕಾರದ ಪರವಾನಗಿ ಇರುವ ಗುತ್ತಿಗೆದಾರ, ಅರ್ಹತಾ ಪ್ರಮಾಣಪತ್ರ ಇರುವ ಮೇಲ್ವಿಚಾರಕ ಅದನ್ನು ಎದುರಿಗೆ ನಿಂತು ನೋಡಬೇಕು, ಕೈಯಿಟ್ಟು ಕೆಲಸ ಮಾಡುವವನ ಬಳಿ ಪರ್ಮಿಟ್ ಇರಬೇಕು. ಬಲ್ಬು, ಫ್ಯಾನು, ಫ್ಯೂಜು, ಸ್ವಿಚ್ಚು ಬದಲಿಸುವಂಥ, ಲೋಡು ಬದಲಾಗದ ಸಣ್ಣ ಕೆಲಸಕ್ಕೆ ಮಾತ್ರ ವಿನಾಯಿತಿ. 2003ರ ವಿದ್ಯುತ್ ಕಾಯ್ದೆಯ ನಂತರ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತಾ ನಿಯಮಾವಳಿ ತಂದಿತು, 2023ರಲ್ಲಿ ಅದನ್ನು ಬದಲಿಸಿ ಹೊಸದು ಹೊರಡಿಸಿತು. ಗುತ್ತಿಗೆದಾರ, ಮೇಲ್ವಿಚಾರಕ, ವಾಯರ್‌ಮನ್ ಎಂಬ ಮೂರು ಮೆಟ್ಟಿಲು ಹಾಗೆಯೇ ಉಳಿದಿವೆ. ವೃತ್ತಿಯ ಬಾಗಿಲಲ್ಲಿ ಕಾವಲು ಗಟ್ಟಿಯಾಗಿದೆ. ಒಳಗೆ ಹೋದವನನ್ನು ಮತ್ತೆ ಮಾತನಾಡಿಸುವವರು ಮಾತ್ರ ಯಾರೂ ಇಲ್ಲ.

ಇದಕ್ಕೆ ಮೊದಲು ಬರುವ ಉತ್ತರ ಎಲ್ಲರಿಗೂ ಗೊತ್ತು. ಮೂವತ್ತು ವರ್ಷ ದಿನಾ ಕರೆಂಟಿನ ಕೆಲಸ ಮಾಡಿದವನಿಗೆ ಪಾಠ ಹೇಳಲು ನೀವು ಯಾರು? ಅನುಭವಕ್ಕಿಂತ ದೊಡ್ಡ ಗುರು ಇದೆಯೇ? ಗಾರೆ ಕೆಲಸಕ್ಕೆ, ಬಡಗಿ ಕೆಲಸಕ್ಕೆ, ಮಗ್ಗದ ಕೆಲಸಕ್ಕೆ ಈ ಮಾತು ಹೊಂದುತ್ತದೆ. ಇಳಕಲ್ ಸೀರೆಗೆ ಸೆರಗು ಕೂಡಿಸುವಾಗ ಒಂದು ಎಳೆ ತಪ್ಪಿದರೆ ನೇಕಾರನಿಗೆ ಅಲ್ಲೇ ಕಾಣುತ್ತದೆ. ಸೆರಗಿನ ತೋಪು ತೆನಿ ವಿನ್ಯಾಸ ವಕ್ರವಾದರೆ ಸೀರೆ ಮಾರಾಟವಾಗುವುದಿಲ್ಲ. ತಪ್ಪು ತಕ್ಷಣ ಕಾಣುವ ಕಸುಬಿನಲ್ಲಿ ಅನುಭವ ನಿಜಕ್ಕೂ ಗುರು. ವಿದ್ಯುತ್ ಕೆಲಸದಲ್ಲಿ ಅರ್ಧ ಭಾಗ ಮಾತ್ರ ಹೀಗಿದೆ. ಫೇಸು, ನ್ಯೂಟ್ರಲ್ಲು ಸರಿಯಾಗಿ ಕೊಡದಿದ್ದರೆ ಬಲ್ಬು ಹತ್ತುವುದಿಲ್ಲ, ಮೋಟರು ತಿರುಗುವುದಿಲ್ಲ, ವಾಯರ್‌ಮನ್‌ಗೆ ಆ ಕ್ಷಣವೇ ತಪ್ಪು ತಿಳಿಯುತ್ತದೆ. ಇನ್ನರ್ಧ ಭಾಗ ಮೌನವಾಗಿದೆ. ಅರ್ಥಿಂಗ್ ಇಲ್ಲದಿದ್ದರೂ ಬಲ್ಬು ಹತ್ತುತ್ತದೆ. ಅರ್ಥ್ ವಾಯರನ್ನು ಬೋರ್ಡಿನ ಹಿಂದೆ ಕತ್ತರಿಸಿ ಮಡಚಿಟ್ಟರೂ ಫ್ರಿಜ್ಜು ತಂಪು ಮಾಡುತ್ತದೆ. ಲೋಡಿಗಿಂತ ಸಣ್ಣ ವಾಯರ್ ಎಳೆದರೂ ಮೊದಲ ದಿನ, ಮೊದಲ ವರ್ಷ ಏನೂ ಆಗುವುದಿಲ್ಲ. ಸುರಕ್ಷತೆಗೆಂದೇ ಇರುವ ಭಾಗಗಳೆಲ್ಲ ಅಪಾಯ ಬರುವ ಒಂದು ಗಳಿಗೆಗಾಗಿ ಸುಮ್ಮನೆ ಕಾಯುವಂಥವು. ಆ ಗಳಿಗೆ ಬಂದಾಗ ವಾಯರ್‌ಮನ್ ಅಲ್ಲಿ ಇರುವುದಿಲ್ಲ. ಆದ್ದರಿಂದ ಮೂವತ್ತು ವರ್ಷ ಅರ್ಥಿಂಗ್ ತಪ್ಪಾಗಿ ಮಾಡಿದವನಿಗೂ ತನ್ನದು ಮೂವತ್ತು ವರ್ಷದ ತಪ್ಪಿಲ್ಲದ ಅನುಭವ ಎಂದೇ ಅನ್ನಿಸುತ್ತದೆ. ಅವನು ಸುಳ್ಳು ಹೇಳುತ್ತಿಲ್ಲ. ಅವನ ಕಸುಬು ಅವನಿಗೆ ಸುಳ್ಳು ಹೇಳಿದೆ.

ಈ ಮೌನ ಎಷ್ಟು ದುಬಾರಿ ಎಂಬುದನ್ನು ನಮ್ಮ ಜಿಲ್ಲೆಯ ನೆಲವನ್ನೇ ಇಟ್ಟುಕೊಂಡು ಲೆಕ್ಕ ಹಾಕಬಹುದು. ಬಾಗಲಕೋಟೆ, ಹುನಗುಂದದ ಸುತ್ತ ಎರೆ ಭೂಮಿ. ಹಸಿ ಇದ್ದಾಗ ಎರೆ ಮಣ್ಣಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಅರ್ಥಿಂಗಿಗೆ ಅಂಥ ಮಣ್ಣು ಸಿಗುವುದು ಪುಣ್ಯ. ಆದರೆ ಅದೇ ಎರೆ ಏಪ್ರಿಲ್, ಮೇ ತಿಂಗಳಲ್ಲಿ ಒಣಗಿ, ಕುಗ್ಗಿ, ಕಾಲು ಇಳಿಯುವಷ್ಟು ಬಿರಿಯುತ್ತದೆ. ಹುಗಿದ ಪೈಪಿಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಮಳೆಗಾಲದಲ್ಲಿ ಒಳ್ಳೆಯದಿದ್ದ ಅರ್ಥಿಂಗ್ ಬೇಸಿಗೆಗೆ ಹೆಸರಿಗೆ ಮಾತ್ರ ಉಳಿಯುತ್ತದೆ. ಬಾದಾಮಿಯತ್ತ ಹೋದರೆ ಮರಳುಗಲ್ಲು, ಇಳಕಲ್ ಕಡೆಗೆ ಹೋದರೆ ಹೊರದೇಶಕ್ಕೂ ಹೋಗುವ ಕೆಂಪು ಗ್ರಾನೈಟು. ಎರಡು ಅಡಿ ಮಣ್ಣು ತೆಗೆದರೆ ಬಂಡೆ ಸಿಗುವ ಕಡೆ ಉಪ್ಪು, ಇದ್ದಿಲು ತುಂಬಿದ ಮಾಮೂಲಿ ಗುಂಡಿ ಎಷ್ಟು ಕೆಲಸ ಮಾಡೀತು? ಅಂಥ ಜಾಗದಲ್ಲಿ ಅರ್ಥಿಂಗಿನ ರೋಧ 20 ಓಮ್ ಬಂತು ಅನ್ನೋಣ. ಫ್ರಿಜ್ಜಿನೊಳಗೆ ವಾಯರ್ ಸುಲಿದು ಫೇಸು ಅದರ ಮೈಗೆ ತಾಗಿತು. 230 ವೋಲ್ಟನ್ನು 20ರಿಂದ ಭಾಗಿಸಿದರೆ 11.5 ಆಂಪಿಯರ್. ಟ್ರಾನ್ಸ್‌ಫಾರ್ಮರ್ ಕಡೆಯ ಅರ್ಥಿಂಗಿನ ರೋಧವನ್ನೂ ಸೇರಿಸಿದರೆ ಅದಕ್ಕಿಂತ ಕಡಿಮೆ. ಕರೆಂಟು ಮಿತಿ ಮೀರಿದರೆ ತಾನೇ ಬೀಳಲೆಂದು ಆ ಸಾಲಿಗೆ ಹಾಕಿದ ಎಂಸಿಬಿ 16 ಆಂಪಿಯರಿನದು. 11 ಆಂಪಿಯರ್ ಅದಕ್ಕೆ ದಿನನಿತ್ಯದ ಲೋಡು. ಅದು ಬೀಳುವುದೇ ಇಲ್ಲ. ಎಂಸಿಬಿಯೂ ಇದೆ, ಅರ್ಥಿಂಗೂ ಇದೆ, ವರದಿಯಲ್ಲಿ ಸಹಿಯೂ ಇದೆ, ಫ್ರಿಜ್ಜಿನ ಮೈಯಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜೂ ಇದೆ. ಮಗು ಬಾಗಿಲು ತೆರೆಯುವವರೆಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತಿರುತ್ತದೆ.

ಈ ಲೆಕ್ಕ ಬಲ್ಲವನಿಗೆ ಪರಿಹಾರವೂ ಗೊತ್ತಿರುತ್ತದೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿ ವಾಪಸ್ ಬಂತೇ ಎಂದು ಸದಾ ತೂಗಿ ನೋಡುವ ಸಾಧನ ಆರ್‌ಸಿಸಿಬಿ. 30 ಮಿಲಿಆಂಪಿಯರ್, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು ದಾರಿ ತಪ್ಪಿತೆಂದರೆ ಕಣ್ಣು ಮಿಟುಕಿಸುವುದರೊಳಗೆ ಮನೆಯ ಕರೆಂಟು ಕಡಿದುಬಿಡುತ್ತದೆ. ಮೇಲಿನ ಲೆಕ್ಕದಲ್ಲಿ 11 ಆಂಪಿಯರಿಗೂ ಬೀಳದ ಎಂಸಿಬಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಸುರಕ್ಷತಾ ನಿಯಮಾವಳಿ, ತೀರ ಸಣ್ಣ ಲೋಡಿನ ಸಂಪರ್ಕಗಳನ್ನು ಬಿಟ್ಟು, ಮನೆಗಳಿಗೆ ಇದನ್ನು ಕಡ್ಡಾಯ ಮಾಡಿದೆ. (ಬಿಟ್ಟದ್ದು ಯಾರನ್ನು ನೋಡಿ: ಎರಡು ಬಲ್ಬಿನ ಬಡವರ ಮನೆಯನ್ನು. ಅರ್ಥಿಂಗ್ ಅತ್ಯಂತ ಕೆಟ್ಟದಿರುವುದೂ ಅಲ್ಲೇ.) ಒಂದು ಸಾಧಾರಣ ಇಳಕಲ್ ಸೀರೆಯ ಬೆಲೆಗೆ ಸಿಗುವ ಈ ಸಾಧನ ಇಂದು ಅನೇಕ ಹೊಸ ಮನೆಗಳ ಬೋರ್ಡಿನಲ್ಲಿ ಇದೆ. ಇದ್ದೂ ಕೆಲಸ ಮಾಡದಂತೆ ಕೂತಿರುವುದೂ ಉಂಟು. ಕಾರಣ ಇದು. ಹಳೆಯ ಪದ್ಧತಿಯಲ್ಲಿ ಕಲಿತವರು ಎರಡು ಕೋಣೆಗಳ ನ್ಯೂಟ್ರಲ್ಲನ್ನು ಸಿಕ್ಕ ಜಂಕ್ಷನ್ ಬಾಕ್ಸಿನಲ್ಲಿ ಒಟ್ಟಿಗೆ ತಿರುವಿ ಟೇಪು ಸುತ್ತುತ್ತಾರೆ; ಕೆಲವೊಮ್ಮೆ ನ್ಯೂಟ್ರಲ್ಲನ್ನೂ ಅರ್ಥನ್ನೂ ಕೂಡಿಸುತ್ತಾರೆ. ಬಲ್ಬಿಗೆ ಅದರಿಂದ ತೊಂದರೆಯಿಲ್ಲ. ಆದರೆ ಒಂದು ದಾರಿಯಲ್ಲಿ ಹೋದ ಕರೆಂಟು ಇನ್ನೊಂದು ದಾರಿಯಲ್ಲಿ ಬಂದರೆ ಆರ್‌ಸಿಸಿಬಿಗೆ ಅದು ಸೋರಿಕೆಯಂತೆಯೇ ಕಾಣುತ್ತದೆ. ಮತ್ತೆ ಮತ್ತೆ ಬೀಳುತ್ತದೆ. ಮನೆಯವರು ಬೇಸತ್ತು ವಾಯರ್‌ಮನ್‌ನನ್ನು ಕರೆಯುತ್ತಾರೆ. ಅವನು ಹತ್ತು ನಿಮಿಷ ತಡಕಾಡಿ, ಈ ಪೀಸ್ ಸರಿಯಿಲ್ಲ ಎಂದು ಅದನ್ನು ದಾಟಿಸಿ ‘ಡೈರೆಕ್ಟ್’ ಕೊಟ್ಟು ಹೋಗುತ್ತಾನೆ. ಮನೆಗೆ ಸಮಾಧಾನ, ಅವನಿಗೆ ಮಜೂರಿ. ಸಾಧನ ಬಂದ ಹಾಗೆ ಅದರ ಜೊತೆ ಬರಬೇಕಿದ್ದ ವಿದ್ಯೆ ಬರಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಮಾಳಿಗೆಯ ಮೇಲೆ ಏರುತ್ತಿರುವ ಸೋಲಾರ್. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಸೂರ್ಯಘರ್ ಯೋಜನೆ ಘೋಷಿಸಿತು. ಒಂದು ಕೋಟಿ ಮನೆಗಳ ಗುರಿ, ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ. ವರ್ಷದ ಬಹುಪಾಲು ಬಿಸಿಲು ಕಾಯುವ ನಮ್ಮ ಸೀಮೆಗೆ ಇದು ಹೇಳಿ ಮಾಡಿಸಿದ್ದು. ಪ್ಯಾನೆಲ್ ಕೂರಿಸುವವರು ಯೋಜನೆಯಡಿ ನೋಂದಾಯಿಸಿಕೊಂಡ ಕಂಪನಿಯವರು, ಸರಿ. ಎರಡು ವರ್ಷದ ನಂತರ ಮಂಗ ಹಾರಿ ವಾಯರ್ ಹರಿದಾಗ ಬರುವವನು ಓಣಿಯ ವಾಯರ್‌ಮನ್. ಅವನು ಕಲಿತ ಮೊದಲ ಪಾಠ: ಮೇನ್ ಸ್ವಿಚ್ ಇಳಿಸಿದರೆ ಮನೆಯಲ್ಲಿ ಕರೆಂಟಿಲ್ಲ. ಎಪ್ಪತ್ತು ವರ್ಷ ಈ ಪಾಠ ನಿಜವಾಗಿತ್ತು, ಈಗ ಅಲ್ಲ. ಬಿಸಿಲು ಇರುವವರೆಗೆ ಪ್ಯಾನೆಲ್ ಸಾಲು ಜೀವಂತವಾಗಿಯೇ ಇರುತ್ತದೆ. ಮೂರು ಕಿಲೋವಾಟಿನ ಆರು ಪ್ಯಾನೆಲ್ ಒಂದಕ್ಕೊಂದು ಜೋಡಿಸಿದರೆ ಸುಮಾರು 300 ವೋಲ್ಟ್ ಡಿಸಿ. ನಮ್ಮ ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗಿಳಿಯುತ್ತದೆ, ಹಾಗಾಗಿ ಸ್ವಿಚ್ ಬಿಡಿಸಿದಾಗ ಏಳುವ ಕಿಡಿ ತಾನೇ ಆರುತ್ತದೆ. ಡಿಸಿ ಸೊನ್ನೆಗೆ ಇಳಿಯುವುದೇ ಇಲ್ಲ. ಕಿಡಿ ಹಿಡಿದರೆ ಬಿಡದೆ ಉರಿಯುತ್ತದೆ, ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಅಂಗಡಿಯಲ್ಲಿ ಸಿಗುವ ಎಸಿ ಎಂಸಿಬಿಯನ್ನೇ ಅಲ್ಲಿಗೂ ಹಾಕಿದರೆ ಅದು ಕಾವಲುಗಾರನಾಗದೆ ಸೌದೆಯಾಗುತ್ತದೆ. ಮೇನ್ ಇಳಿಸಿದರೆ ಕರೆಂಟಿಲ್ಲ ಎಂಬ ನಂಬಿಕೆಗೆ ಇನ್ನೊಂದು ಮುಖವಿದೆ. ಯುಪಿಎಸ್, ಜನರೇಟರನ್ನು ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜೋಡಿಸಿದರೆ ಮನೆಯ ಕರೆಂಟು ಹಿಂದಕ್ಕೆ ಹರಿದು ಹೆಸ್ಕಾಂ ತಂತಿಗೆ ಏರಬಹುದು. ಲೈನ್ ಆಫ್ ಆಗಿದೆ ಎಂದು ನಂಬಿ ಕಂಬದ ಮೇಲಿರುವ ಲೈನ್‌ಮನ್‌ಗೆ ಸಾವು ಕೆಳಗಿನ ಮನೆಯಿಂದ ಬರುತ್ತದೆ.

ಹೊಸ ತಂತ್ರಜ್ಞಾನದ ಮಾತು ಬಿಟ್ಟರೂ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಈ ನಾಲ್ಕು ಊರಿನ ಹಳೆಯ ಕೆಲಸಗಳೇ ಸಾಕಷ್ಟು ಕಷ್ಟದವು. ಇಳಕಲ್‌ನ ಗ್ರಾನೈಟ್ ಕಟ್ಟಿಂಗ್, ಪಾಲಿಶಿಂಗ್ ಘಟಕಗಳಲ್ಲಿ ಮೂರು ಫೇಸಿನ ಮೋಟರು ಸದಾ ಸುರಿಯುವ ನೀರಿನ ನಡುವೆಯೇ ಓಡಬೇಕು. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಥಿಯೇಟರು, ತೊಟ್ಟಿಲು, ಅಂಗಡಿ ಸಾಲು ಎಲ್ಲ ವಾರಗಟ್ಟಲೆ ತಾತ್ಕಾಲಿಕ ಸಂಪರ್ಕದ ಮೇಲೆ ನಿಲ್ಲುತ್ತವೆ; ಕಬ್ಬಿಣದ ಚೌಕಟ್ಟು, ಟೇಪು ಸುತ್ತಿದ ಜೋಡಣೆ, ಜನರ ತುಳಿತ ಮೂರೂ ಒಂದೇ ಜಾಗದಲ್ಲಿ. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕುಗಳ ಹಳ್ಳಿಗಳ ಮನೆಯೊಳಗೆ ನೀರು ನಿಂತಿತು. ಅಂಥ ಮನೆಗೆ ಕರೆಂಟು ಮತ್ತೆ ಕೊಡುವ ಮೊದಲು 500 ವೋಲ್ಟಿನ ಮೆಗ್ಗರ್ ಹಚ್ಚಿ, ವಾಯರಿನ ಇನ್ಸುಲೇಷನ್ ಕನಿಷ್ಠ ಒಂದು ಮೆಗಾಓಮ್ ಇದೆಯೇ ಎಂದು ನೋಡಬೇಕು. ಗೋಡೆ ಮೇಲೆ ಒಣಗಿದಂತೆ ಕಂಡರೂ ಒಳಗಿನ ಪೈಪಿನಲ್ಲಿ ನೀರು ತಿಂಗಳುಗಟ್ಟಲೆ ಇರುತ್ತದೆ. ಟೆಸ್ಟರ್ ಸ್ಕ್ರೂಡ್ರೈವರಿಗೆ ಇದು ತಿಳಿಯುವುದಿಲ್ಲ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರಿಗಾಗಿ ಎದ್ದ ನವನಗರದ ಮೊದಲ ಮನೆಗಳಿಗೂ ಈಗ ಎರಡು ದಶಕ ದಾಟಿದೆ. ಟ್ಯೂಬ್‌ಲೈಟು, ಫ್ಯಾನು, ಟಿವಿ ಎಣಿಸಿ ಎಳೆದ ವಾಯರಿನ ಮೇಲೆ ಇಂದು ಏಸಿ, ಗೀಜರು, ಇಂಡಕ್ಷನ್ ಒಲೆ, ಸಂಜೆ ಬಂದು ಚಾರ್ಜಿಗೆ ನಿಲ್ಲುವ ಸ್ಕೂಟರು ಕೂತಿವೆ.

ಸುಟ್ಟರೆ, ಸತ್ತರೆ ನಾವು ಹೇಳುವ ಕಾರಣ ಒಂದೇ: ಶಾರ್ಟ್ ಸರ್ಕ್ಯೂಟ್. 2024ರ ನವೆಂಬರಿನಲ್ಲಿ ಇಳಕಲ್‌ನಲ್ಲಿ ಹೇರ್ ಡ್ರೈಯರ್ ಸಿಡಿದು ಮಹಿಳೆಯೊಬ್ಬರ ಕೈಗಳಿಗೆ ಭೀಕರ ಗಾಯವಾದಾಗ ಮೊದಲು ಹರಿದಾಡಿದ ವಿವರಣೆಯೂ ಅದೇ. ಕೆಲವೇ ದಿನಗಳಲ್ಲಿ ಪೊಲೀಸರು ಹೇಳಿದ್ದು ಬೇರೆ: ಅದರೊಳಗೆ ಡಿಟೊನೇಟರ್ ಇಡಲಾಗಿತ್ತು. ಒಂದು ಮಾಮೂಲಿ ಹೇರ್ ಡ್ರೈಯರ್ ಶಾರ್ಟ್ ಆದರೆ ಎಂಸಿಬಿ ಬೀಳುತ್ತದೆ, ಹೆಚ್ಚೆಂದರೆ ಪ್ಲಾಸ್ಟಿಕ್ ಸುಡುತ್ತದೆ, ಬಾಂಬಿನಂತೆ ಸಿಡಿಯುವುದಿಲ್ಲ ಎಂಬ ಅನುಮಾನ ಮೊದಲ ದಿನವೇ ಸಾರ್ವಜನಿಕವಾಗಿ ಏಳಬೇಕಿತ್ತು. ಏಳಲಿಲ್ಲ, ಏಕೆಂದರೆ ವಿದ್ಯುತ್ತಿನ ವಿಷಯದಲ್ಲಿ ಏನು ಬೇಕಾದರೂ ಆಗಬಹುದು ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ ದೇಶದಲ್ಲಿ ವಿದ್ಯುದಾಘಾತಕ್ಕೆ ಸಾಯುವವರು ವರ್ಷಕ್ಕೆ 12 ಸಾವಿರಕ್ಕೂ ಹೆಚ್ಚು. ಇವೆಲ್ಲ ಮನೆ ವೈರಿಂಗಿನ ಸಾವುಗಳಲ್ಲ. ಹರಿದ ತಂತಿ, ಹೊಲದ ಬೇಲಿ, ಪಂಪ್‌ಸೆಟ್, ಕಂಬ ಎಲ್ಲ ಸೇರಿವೆ. ತರಬೇತಿಯೊಂದೇ ಇವನ್ನೆಲ್ಲ ತಡೆಯುತ್ತದೆ ಎಂದು ಹೇಳಿದರೆ ಅದು ಮೋಸ. ಆದರೆ ಪರವಾನಗಿದಾರನ ಕೈ ತಾಗುವ ಪಾಲು ಇದರಲ್ಲಿ ಸಣ್ಣದೇನಲ್ಲ, ಮತ್ತು ಸರಕಾರದ ಕೈಗೆ ನೇರವಾಗಿ ಸಿಗುವ ಪಾಲೂ ಅದೇ.

ಕಲಿಕೆಯನ್ನು ಪರವಾನಗಿಗೆ ಕಟ್ಟುವುದು ನಮಗೆ ಹೊಸತೂ ಅಲ್ಲ. 2002ರ ವೈದ್ಯಕೀಯ ವೃತ್ತಿ ನಿಯಮಗಳು ವೈದ್ಯರು ಐದು ವರ್ಷಕ್ಕೆ 30 ಗಂಟೆ ಮುಂದುವರಿದ ಕಲಿಕೆಯಲ್ಲಿ ಪಾಲ್ಗೊಳ್ಳಬೇಕು ಎನ್ನುತ್ತವೆ. ಹುನಗುಂದ, ಇಳಕಲ್ ಹಾದು ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರ್ ಓಡಿಸುವ ಚಾಲಕ ತನ್ನ ಅಪಾಯಕಾರಿ ಸರಕಿನ ಲೈಸೆನ್ಸ್ ನವೀಕರಿಸಬೇಕಾದರೆ ಮರುತರಬೇತಿಗೆ ಕೂರಲೇಬೇಕು. ವಿದ್ಯುತ್ ವಲಯದಲ್ಲೇ ನೋಡಿದರೆ, 2002ರ ರಾಷ್ಟ್ರೀಯ ತರಬೇತಿ ನೀತಿ ಪ್ರತಿ ನೌಕರನಿಗೂ ವರ್ಷಕ್ಕೆ ಒಂದು ವಾರದ ತರಬೇತಿ ಇರಲಿ ಎಂದಿತು. ಸುರಕ್ಷತಾ ನಿಯಮಾವಳಿಯೂ ವಿತರಣಾ ಜಾಲದ ನೌಕರರಿಗೆ ತರಬೇತಿ ಕೊಡುವ ಹೊಣೆಯನ್ನು ಕಂಪನಿಗಳ ಮೇಲೆ ಹೊರಿಸಿದೆ. ಅಂದರೆ ಮೀಟರಿನ ಆಚೆ ಬದಿಗೆ ತರಬೇತಿ ಬೇಕು, ಈಚೆ ಬದಿಗೆ ಬೇಡ ಎಂದಾಯಿತು. ಕರೆಂಟಿಗೆ ಈ ಗಡಿ ಗೊತ್ತಿಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ವರ್ಷಕ್ಕೆ 4 ಗಂಟೆ ಸಂಹಿತೆ, ಸುರಕ್ಷತೆ, ಕಾನೂನು ಕಲಿತರೆ ಮಾತ್ರ ನವೀಕರಣ. ಅಲ್ಲಿನ ವಿದ್ಯುತ್ ಸಂಹಿತೆ ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ, ಅದಕ್ಕೆ ಬೇಕು ಎನ್ನಬಹುದು. ನಮ್ಮ ರಾಷ್ಟ್ರೀಯ ವಿದ್ಯುತ್ ಸಂಹಿತೆ 1985ರಲ್ಲಿ ಬಂದು, 2011ರಲ್ಲಿ ಪರಿಷ್ಕೃತವಾಗಿ, ಮತ್ತೆ 2023ರಲ್ಲಿ ಬದಲಾಯಿತು. ಅರ್ಥಿಂಗ್ ಮಾನಕ 2018ರಲ್ಲಿ, ವೈರಿಂಗ್ ಮಾನಕ 2019ರಲ್ಲಿ ಹೊಸದಾದವು. 1994ರಲ್ಲಿ ಪರೀಕ್ಷೆ ಬರೆದವನ ಕಾಲದ ಈ ಸಂಹಿತೆ, ಮಾನಕಗಳಲ್ಲಿ ಒಂದೂ ಇಂದು ಹಾಗೆಯೇ ಉಳಿದಿಲ್ಲ.

ಆಕ್ಷೇಪಗಳಿಗೆ ಬರೋಣ. ದಿನಗೂಲಿಯ ವಾಯರ್‌ಮನ್ ಒಂದು ದಿನ ತರಗತಿಯಲ್ಲಿ ಕೂತರೆ ಅವತ್ತಿನ ದುಡಿಮೆ ಹೋಯಿತು. ಅದನ್ನು ಕೊಡುವವರು ಯಾರು? ನ್ಯಾಯವಾದ ಪ್ರಶ್ನೆ. ತರಬೇತಿಗೆ ಶುಲ್ಕ ವಸೂಲಿ ಮಾಡುವ ಯೋಜನೆಯಾದರೆ ನಾನೇ ಅದನ್ನು ವಿರೋಧಿಸುತ್ತೇನೆ. ದಿನಭತ್ಯೆಯನ್ನು ಸರಕಾರ ಕೊಡಬೇಕು, ನವೀಕರಣ ಶುಲ್ಕ ಸರಕಾರಕ್ಕೇ ಹೋಗುತ್ತಿದೆಯಲ್ಲ. ವೈದ್ಯರ 30 ಗಂಟೆಯನ್ನು ಭಾಗಿಸಿದರೆ ವರ್ಷಕ್ಕೆ 6 ಗಂಟೆ, ಅಂದರೆ ಒಂದು ದಿನ. ಅದಕ್ಕಿಂತ ಹೆಚ್ಚು ಕೇಳುವುದು ಬೇಡ. ಎತ್ತು ಹೂಡದ ಅಮಾವಾಸ್ಯೆಯ ದಿನ ಇಟ್ಟುಕೊಂಡರೂ ನಡೆಯುತ್ತದೆ. ಎರಡನೆಯ ಆಕ್ಷೇಪ ಇನ್ನೂ ಒರಟು: ಇದೂ ಒಂದು ಸರ್ಟಿಫಿಕೇಟ್ ಮಾರುವ ದಂಧೆಯಾಗುತ್ತದೆ, ಸಹಿ ಮಾಡಿ ಊಟ ಮಾಡಿ ಎದ್ದು ಬರುತ್ತಾರೆ. ಈ ಭಯವನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ವೈದ್ಯರ ಮುಂದುವರಿದ ಕಲಿಕೆಯ ಬಗ್ಗೆ ನಡೆದ ಅಧ್ಯಯನಗಳೂ ಬರೀ ಉಪನ್ಯಾಸ ಕೇಳಿಸಿದರೆ ವೃತ್ತಿಯ ರೀತಿಯಲ್ಲಿ ಆಗುವ ಬದಲಾವಣೆ ತೀರ ಅಲ್ಪ ಎಂದೇ ತೋರಿಸಿವೆ. ಆದ್ದರಿಂದ ಹಾಜರಿಯನ್ನು ಎಣಿಸಬಾರದು, ಕೈಯನ್ನು ನೋಡಬೇಕು. ಒಂದು ಹಲಗೆಯ ಮೇಲೆ ಬೇಕೆಂದೇ ತಪ್ಪು ಮಾಡಿದ ವೈರಿಂಗ್ ಇಡಿ: ಎಲ್ಲ ಬಲ್ಬೂ ಹತ್ತುತ್ತಿರಲಿ, ಆದರೆ ನ್ಯೂಟ್ರಲ್ ಬೆರೆತಿರಲಿ, ಅರ್ಥ್ ಕಡಿದಿರಲಿ. ಅದನ್ನು ಹುಡುಕಿ ಸರಿಪಡಿಸಿದವನಿಗೆ ನವೀಕರಣ. ಆಗದವನಿಗೆ ಸಂಜೆಯವರೆಗೆ ಕಲಿಸಿ ಮತ್ತೊಂದು ಅವಕಾಶ. ಅಂಗಳದಲ್ಲಿ ಅರ್ಥ್ ಟೆಸ್ಟರಿನ ಗೂಟ ನೆಟ್ಟು ಓಮ್ ಅಳೆಯಲಿ. ಪುಸ್ತಕದ ಪ್ರಶ್ನೆ ಬೇಡ, ಇಂಗ್ಲಿಷು ಮೊದಲೇ ಬೇಡ. ಕಲಿಸುವ ಜಾಗ ಹುಡುಕುವ ಕಷ್ಟವೂ ಇಲ್ಲ: ಐಟಿಐಗಳ ಎಲೆಕ್ಟ್ರಿಷಿಯನ್ ವಿಭಾಗದಲ್ಲಿ ಹಲಗೆ, ಮೆಗ್ಗರ್, ಬೋಧಕ ಎಲ್ಲ ಇವೆ, ಬಾಗಲಕೋಟೆಯಲ್ಲಿ 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜೇ ಇದೆ. ಭಾನುವಾರ ಇವುಗಳ ಬಾಗಿಲು ಹಾಕಿರುತ್ತದೆ, ಅಷ್ಟೆ.

ಮೂರನೆಯ ಆಕ್ಷೇಪವೇ ನಿಜವಾದ ಆಕ್ಷೇಪ. ಹಳ್ಳಿಗಳಲ್ಲಿ, ಸಣ್ಣ ಊರುಗಳಲ್ಲಿ ವೈರಿಂಗ್ ಮಾಡುವ ಎಷ್ಟೋ ಮಂದಿಗೆ ಪರ್ಮಿಟ್ಟೇ ಇಲ್ಲ. ಕೆಲಸ ಒಬ್ಬನದು, ಸಹಿ ಇನ್ನೊಬ್ಬನದು, ಸಹಿಗೊಂದು ದರ. ಹೀಗಿರುವಾಗ ಪರವಾನಗಿ ಇದ್ದವನ ಮೇಲೆ ಮತ್ತೊಂದು ಹೊರೆ ಹೊರಿಸಿದರೆ ಅವನ ಕೆಲಸ ತುಟ್ಟಿಯಾಗಿ, ಇಲ್ಲದವನಿಗೆ ಗಿರಾಕಿ ಹೆಚ್ಚುತ್ತಾರೆ. ಕಾನೂನು ಪಾಲಿಸಿದವನಿಗೇ ದಂಡ. ಈ ವಾದದ ಮೊದಲರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದರಿಂದ ಬರುವ ತೀರ್ಮಾನ ಕಲಿಕೆ ಬೇಡ ಎಂದಲ್ಲ, ಕಲಿಕೆಯ ಬಾಗಿಲು ಅಗಲವಾಗಲಿ ಎಂದು. ಪರ್ಮಿಟ್ ಇಲ್ಲದವನು ಕದ್ದು ಕೆಲಸ ಮಾಡುತ್ತಿರುವುದು ಕೆಟ್ಟ ಬುದ್ಧಿಯಿಂದಲ್ಲ. ಹತ್ತನೇ ತರಗತಿ ನಪಾಸಾಗಿ, ಸೋದರಮಾವನ ಕೈಕೆಳಗೆ ಕಂಡ್ಯೂಟ್ ಪೈಪು ಕೊರೆಯುತ್ತ ಕಲಿತವನಿಗೆ ಪರೀಕ್ಷೆಯ ದಾರಿ ಗೊತ್ತಿಲ್ಲ. ಇಂಥವರಿಗಾಗಿಯೇ 2015ರ ಕೌಶಲ ವಿಕಾಸ ಯೋಜನೆಯಲ್ಲಿ ಪೂರ್ವ ಕಲಿಕೆಗೆ ಮಾನ್ಯತೆ ಕೊಡುವ ವ್ಯವಸ್ಥೆ ಬಂತು. ಆ ಒಂದು ದಿನದ ತರಬೇತಿಗೆ ಪರ್ಮಿಟ್ ಇರುವವನೂ ಇಲ್ಲದವನೂ ಒಟ್ಟಿಗೆ ಬರಲಿ; ಇಲ್ಲದವನ ಕೈಯ ಪರೀಕ್ಷೆ ಅವನ ಪರ್ಮಿಟ್ಟಿನ ದಾರಿಗೆ ಎಣಿಕೆಯಾಗಲಿ. ಇನ್ನೊಂದು ಕಡೆಯಿಂದ ಸಹಿಯನ್ನು ಬಾಡಿಗೆಗೆ ಕೊಡುವುದು ಕಷ್ಟವಾಗಬೇಕು. ವಿದ್ಯುತ್ ಪರಿವೀಕ್ಷಣಾಲಯ ತಿಂಗಳಿಗೆ ಕೆಲವೇ ವರದಿಗಳನ್ನು ಚೀಟಿ ಎತ್ತಿ ಆರಿಸಿ, ಆ ಮನೆಗೆ ಹೋಗಿ ಅರ್ಥಿಂಗ್ ಅಳೆದರೂ ಸಾಕು. ವರದಿಯಲ್ಲಿ 2 ಓಮ್ ಎಂದು ಬರೆದು ನೆಲದಲ್ಲಿ 40 ಬಂದರೆ ಸಹಿ ಹಾಕಿದವನು ಉತ್ತರಿಸಲಿ. ತಾನು ನೋಡದ ಮನೆಗೆ ಸಹಿ ಹಾಕುವ ಮುನ್ನ ಎರಡು ಸಲ ಯೋಚಿಸುವಂತಾಗಲು ಇಷ್ಟೇ ಭಯ ಸಾಕಾಗುತ್ತದೆ.

ಪರವಾನಗಿ ಕೊಡುವುದೂ ನವೀಕರಿಸುವುದೂ ರಾಜ್ಯದ ಕೈಯಲ್ಲೇ ಇದೆ. ಜೂನ್ 26ರಿಂದ ಪ್ರತಿ ವರ್ಷ ನಡೆಯುವ ವಿದ್ಯುತ್ ಸುರಕ್ಷತಾ ಸಪ್ತಾಹದಲ್ಲಿ ಬ್ಯಾನರ್ ಕಟ್ಟಿ ಪ್ರತಿಜ್ಞೆ ಓದಿಸುವ ಬದಲು, ಆ ವಾರದ ಒಂದು ದಿನವನ್ನು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ನಾಲ್ಕು ಕಡೆ ಈ ಹಲಗೆಯ ಪರೀಕ್ಷೆಗೆ ಬಿಟ್ಟುಕೊಟ್ಟು ನೋಡಬಹುದು. ಕಡ್ಡಾಯ ಮಾಡುವುದು ಅದರ ಮುಂದಿನ ವರ್ಷದ ಮಾತು. ಗುತ್ತಿಗೆದಾರರ ಸಂಘದವರು ಇದನ್ನು ತಮ್ಮ ಮೇಲಿನ ಅನುಮಾನ ಎಂದು ತಿಳಿಯದೆ, ಕದ್ದು ಕೆಲಸ ಮಾಡುವವರಿಂದ ತಮ್ಮನ್ನು ಬೇರೆಯಾಗಿ ತೋರಿಸುವ ಅವಕಾಶ ಎಂದು ನೋಡಿದರೆ ಅವರೇ ಇದಕ್ಕೆ ಮುಂದೆ ನಿಲ್ಲಬೇಕು.

ಸರಕಾರ ಮಾಡುವವರೆಗೆ ಓದುಗರು ಕಾಯಬೇಕಿಲ್ಲ. ನಿಮ್ಮ ಬೋರ್ಡಿನಲ್ಲಿ ಆರ್‌ಸಿಸಿಬಿ ಇದ್ದರೆ ಅದರ ಮೇಲೆ ‘ಟಿ’ ಎಂದು ಬರೆದ ಸಣ್ಣ ಗುಂಡಿ ಇರುತ್ತದೆ, ಇಂದೇ ಒತ್ತಿ ನೋಡಿ. ಮನೆಯ ಕರೆಂಟು ತಟ್ಟನೆ ಹೋಗಬೇಕು. ಹೋಗದಿದ್ದರೆ ಅದು ಕೆಟ್ಟಿದೆ, ಇಲ್ಲವೇ ಯಾರೋ ಡೈರೆಕ್ಟ್ ಕೊಟ್ಟಿದ್ದಾರೆ. ಹೊಸ ವೈರಿಂಗ್ ಮಾಡಿಸುತ್ತಿದ್ದರೆ ವಾಯರ್‌ಮನ್‌ಗೆ ಒಂದೇ ಮಾತು ಹೇಳಿ: ಅರ್ಥಿಂಗ್ ಎಷ್ಟು ಓಮ್ ಬಂತು, ಯಾವ ತಾರೀಖಿಗೆ ಅಳೆದದ್ದು ಎಂದು ಮೀಟರ್ ಬೋರ್ಡಿನ ಪಕ್ಕ ಬಣ್ಣದಲ್ಲಿ ಬರೆದುಕೊಡಲಿ. ಆ ಸಂಖ್ಯೆ ಗೋಡೆಯ ಮೇಲೆ ಕಾಣುವವರೆಗೆ ಕೊನೆಯ ಕಂತು ಕೊಡಬೇಡಿ.